ಅಳಿಸಿದರೂ ಮತ್ತೆ ಬರುವ ವೈರಸ್: ಫೈಲ್ ಬಿಡಿ, ಅದನ್ನು ಕರೆಯುವ ಜಾಗ ಹುಡುಕಿ

ಸರ್, ನಿಮ್ಮ ಪೋಸ್ಟ್ ಪೂರ್ತಿ ಓದಿದೆ. ಆಪ್‌ಡೇಟಾ (ಪ್ರೋಗ್ರಾಮ್‌ಗಳು ತಮ್ಮ ಡೇಟಾ ಇಡುವ) ಫೋಲ್ಡರಿನಲ್ಲಿ ಸಿಕ್ಕ ಇಎಕ್ಸ್‌ಇ (ಪ್ರೋಗ್ರಾಮ್) ಫೈಲನ್ನು ಮೂರು ಸಲ ಡಿಲೀಟ್ ಮಾಡಿದ್ದೀರಿ, ಪ್ರತಿ ರೀಸ್ಟಾರ್ಟ್ ಆದಮೇಲೂ ಅದು ಅಲ್ಲೇ ಕೂತಿದೆ. ವಿಂಡೋಸಿನದೇ ಆಂಟಿವೈರಸ್ ಡಿಫೆಂಡರ್ ಸಾಲದೆಂದು ಇನ್ನೆರಡು ಆಂಟಿವೈರಸ್ ಹಾಕಿದ್ದೀರಿ. ಭಯಕ್ಕೆ ಇಮೇಲ್, ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಅದೇ ಕಂಪ್ಯೂಟರಿನಿಂದ ಬದಲಿಸಿದ್ದೀರಿ. ಈ ಕೊನೆಯದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ, ಇದೇ ತಪ್ಪನ್ನು ಹಿಂದೆ ನಾನೂ ಮಾಡಿದ್ದೇನೆ. ಸ್ಪೈವೇರ್ (ಗುಟ್ಟಾಗಿ ಮಾಹಿತಿ ಕದಿಯುವ ಪ್ರೋಗ್ರಾಮ್) ಓಡುತ್ತಿರುವ ಯಂತ್ರದಲ್ಲಿ ಟೈಪ್ ಮಾಡಿದ ಹೊಸ ಪಾಸ್‌ವರ್ಡ್ ಕೂಡ ಕಳ್ಳನ ಕೈ ಸೇರಿದೆ ಎಂದೇ ಲೆಕ್ಕ ಇಟ್ಟುಕೊಳ್ಳಿ.

ಆದ್ದರಿಂದ ಮೊದಲು ಲ್ಯಾನ್ ಕೇಬಲ್ ತೆಗೆಯಿರಿ, ವೈಫೈ ಆಫ್ ಮಾಡಿ. ಪಾಸ್‌ವರ್ಡ್‌ಗಳನ್ನು ಫೋನಿನಿಂದಲೋ ಬೇರೆ ಕಂಪ್ಯೂಟರಿನಿಂದಲೋ ಮತ್ತೊಮ್ಮೆ ಬದಲಿಸಿ. ಇಮೇಲ್ ಮೊದಲು, ಯಾಕೆಂದರೆ ಉಳಿದ ಖಾತೆಗಳ ರೀಸೆಟ್ ಲಿಂಕ್ ಬರುವುದು ಅಲ್ಲಿಗೇ. ಆಮೇಲೆ ಬ್ಯಾಂಕ್. ಪಾಸ್‌ವರ್ಡ್ ಬದಲಿಸಿದರೆ ಮುಗಿಯಿತು ಎಂದುಕೊಳ್ಳಬೇಡಿ. ಈಗಿನ ಸ್ಟೀಲರ್‌ಗಳು (ಮಾಹಿತಿ ಕದಿಯುವ ಮಾಲ್‌ವೇರ್, ಅಂದರೆ ಹಾನಿ ಮಾಡುವ ಸಾಫ್ಟ್‌ವೇರ್) ಬ್ರೌಸರಿನ ಕುಕೀಗಳನ್ನೇ, ಅಂದರೆ ನೀವು ಲಾಗಿನ್ ಆಗಿದ್ದೀರಿ ಎಂಬ ಗುರುತನ್ನೇ ಕದಿಯುತ್ತವೆ. ಕುಕೀ ಕೈಯಲ್ಲಿದ್ದರೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ, ನೇರ ಒಳಗೆ ಹೋಗಬಹುದು. ಪ್ರತಿ ಖಾತೆಯಲ್ಲೂ ‘ಎಲ್ಲ ಸಾಧನಗಳಿಂದ ಸೈನ್ ಔಟ್’ ಕೊಡಲೇಬೇಕು. ಇಮೇಲ್ ಸೆಟ್ಟಿಂಗ್ಸ್‌ನಲ್ಲಿ ನಿಮಗೆ ಗೊತ್ತಿಲ್ಲದ ಫಾರ್ವರ್ಡಿಂಗ್ ವಿಳಾಸ, ಫಿಲ್ಟರ್, ರಿಕವರಿ ನಂಬರ್ ಸೇರಿಕೊಂಡಿದೆಯೇ ನೋಡಿ. ಇದನ್ನು ಯಾರೂ ನೋಡುವುದಿಲ್ಲ.

ಆಂಟಿವೈರಸ್ ವಿಚಾರ. ಸದಾ ಕಾವಲಿರುವುದು ಒಂದೇ ಇರಬೇಕು. ಹೊರಗಿನದು ಒಂದು ಬಂದರೆ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ, ಅದು ಸರಿ. ಆದರೆ ಹೊರಗಿನವು ಎರಡು ಇದ್ದರೆ ಒಂದೇ ಫೈಲನ್ನು ಎರಡೂ ಹಿಡಿದುಕೊಳ್ಳುತ್ತವೆ, ಯಂತ್ರ ನಿಧಾನವಾಗುತ್ತದೆ, ಒಂದರ ಕ್ವಾರಂಟೈನ್ (ಹಿಡಿದು ಬೇರೆ ಇಟ್ಟ ಫೈಲುಗಳು) ನೋಡಿ ಇನ್ನೊಂದು ಕೂಗುತ್ತದೆ. ಎರಡನ್ನೂ ತೆಗೆಯಿರಿ, ಡಿಫೆಂಡರ್ ಸಾಕು. ಎರಡನೇ ಅಭಿಪ್ರಾಯ ಬೇಕಿದ್ದರೆ ಇನ್‌ಸ್ಟಾಲ್ ಬೇಡದ ಸ್ಕ್ಯಾನರ್ ಬಳಸಿ: ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ (ಇಳಿಸಿಕೊಂಡ 10 ದಿನಕ್ಕೆ ಅವಧಿ ಮುಗಿಯುತ್ತದೆ, ಕಳೆದ ತಿಂಗಳದ್ದು ಬಳಸಬೇಡಿ) ಅಥವಾ ಆಡ್‌ವೇರಿಗೆ (ಬೇಡದ ಜಾಹೀರಾತು ತುಂಬುವ ಸಾಫ್ಟ್‌ವೇರ್) ಆಡ್‌ಡಬ್ಲ್ಯೂಕ್ಲೀನರ್. ಮಾಲ್‌ವೇರ್‌ಬೈಟ್ಸ್ ಒಳ್ಳೆಯದೇ, ಆದರೆ ಪ್ರೀಮಿಯಂ ಟ್ರಯಲ್ ಶುರುವಾಗಿದ್ದರೆ ಅದನ್ನು ನಿಲ್ಲಿಸಿ ಸ್ಕ್ಯಾನಿಗೆ ಮಾತ್ರ ಇಟ್ಟುಕೊಳ್ಳಿ. ಇವನ್ನೆಲ್ಲ ಬೇರೆ ಕಂಪ್ಯೂಟರಿನಲ್ಲಿ, ಕಂಪನಿಯ ಸ್ವಂತ ಸೈಟಿನಿಂದಲೇ ಇಳಿಸಿ ಪೆನ್‌ಡ್ರೈವಿನಲ್ಲಿ ತನ್ನಿ. ಆ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡದೆ ಇನ್ನೊಂದು ಯಂತ್ರಕ್ಕೆ ಚುಚ್ಚಬೇಡಿ. ಕೆಳಗೆ ಒಬ್ಬರು ಕಾಂಬೋಫಿಕ್ಸ್ ಎಂಬ ಹಳೆಯ ವೈರಸ್ ತೆಗೆಯುವ ಟೂಲ್ ಹಾಕಿ ಎಂದಿದ್ದಾರೆ. ದಯವಿಟ್ಟು ಬೇಡ, ಅದು ವಿಂಡೋಸ್ 10, 11ಕ್ಕೆ ಮಾಡಿದ್ದಲ್ಲ. ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ಕ್ಲೀನರ್‌ಗಳಿಂದ ವೈರಸ್ ಹೋಗುವುದಿಲ್ಲ, ಸರಿಯಿದ್ದದ್ದು ಕೆಡುತ್ತದೆ.

ಈಗ ನಿಮ್ಮ ನಿಜವಾದ ಸಮಸ್ಯೆ. ನೀವು ಅಳಿಸುತ್ತಿರುವುದು ಫೈಲನ್ನು. ಅದನ್ನು ಮತ್ತೆ ತಂದು ಇಡುವುದು ಬೇರೆ ಕಡೆ ಇದೆ: ಸ್ಟಾರ್ಟಪ್ ಎಂಟ್ರಿ, ಶೆಡ್ಯೂಲ್ಡ್ ಟಾಸ್ಕ್ (ನಿಗದಿ ಮಾಡಿದಾಗ ತಾನಾಗಿ ಓಡುವುದು), ಸರ್ವೀಸ್ (ಹಿನ್ನೆಲೆಯಲ್ಲಿ ಓಡುವುದು), ಡಬ್ಲ್ಯೂಎಂಐ (ವಿಂಡೋಸಿನ ಒಳಗಿನ ನಿರ್ವಹಣೆ ವ್ಯವಸ್ಥೆ), ಇಷ್ಟರಲ್ಲಿ ಯಾವುದೋ ಒಂದು. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿ ಇದರಲ್ಲಿ ಕಾಲು ಭಾಗವನ್ನೂ ತೋರಿಸುವುದಿಲ್ಲ. ತಾನಾಗಿ ಶುರುವಾಗುವುದನ್ನೆಲ್ಲ ಪಟ್ಟಿ ಮಾಡುವ ಆಟೋರನ್ಸ್ ತನ್ನಿ, ಮೈಕ್ರೋಸಾಫ್ಟಿನ ಸಿಸ್‌ಇಂಟರ್ನಲ್ಸ್ ಟೂಲ್‌ಗಳಲ್ಲಿ ಒಂದು, ಉಚಿತ, ಇನ್‌ಸ್ಟಾಲ್ ಬೇಡ. ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿಯೇ ತೆರೆಯಿರಿ, ಇಲ್ಲದಿದ್ದರೆ ಅರ್ಧ ಕಾಣುವುದಿಲ್ಲ. ಏನನ್ನೂ ಮುಟ್ಟುವ ಮುಂಚೆ ಫೈಲ್ ಮೆನುವಿನಲ್ಲಿ ಸೇವ್ ಕೊಟ್ಟು ಈಗಿನ ಸ್ಥಿತಿಯನ್ನು ಉಳಿಸಿಡಿ. ಆಪ್ಷನ್ಸ್‌ನಲ್ಲಿ ‘ಹೈಡ್ ಮೈಕ್ರೋಸಾಫ್ಟ್ ಎಂಟ್ರೀಸ್’, ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ‘ವೆರಿಫೈ ಕೋಡ್ ಸಿಗ್ನೇಚರ್ಸ್’ ಟಿಕ್ ಮಾಡಿ ಮತ್ತೆ ಸ್ಕ್ಯಾನ್ ಆಗಲು ಬಿಡಿ.

ಹಳದಿ ಸಾಲು ಎಂದರೆ ಎಂಟ್ರಿ ಇದೆ, ಫೈಲ್ ಇಲ್ಲ. ಬಹುಪಾಲು ಹಳೆಯ ಕಸ. ಗುಲಾಬಿ ಎಂದರೆ ತಯಾರಕರ ಡಿಜಿಟಲ್ ಸಹಿ ಇಲ್ಲ ಅಥವಾ ತಾಳೆಯಾಗುತ್ತಿಲ್ಲ. ಗುಲಾಬಿಯೆಲ್ಲ ವೈರಸ್ ಅಲ್ಲ, ಹಳೆಯ ಪ್ರಿಂಟರ್ ಸಾಫ್ಟ್‌ವೇರೂ ಗುಲಾಬಿಯೇ ಇರಬಹುದು. ನೋಡಬೇಕಾದ್ದು ದಾರಿ: ಆಪ್‌ಡೇಟಾ, ಪ್ರೋಗ್ರಾಮ್‌ಡೇಟಾ, ಟೆಂಪ್, ಪಬ್ಲಿಕ್ ಫೋಲ್ಡರ್‌ಗಳಿಂದ ಓಡುವ, ಅರ್ಥವಿಲ್ಲದ ಹೆಸರಿನ, ಪಬ್ಲಿಷರ್ ಇಲ್ಲದ ಫೈಲ್. ಎಸ್‌ವಿಸಿಹೋಸ್ಟ್ (ವಿಂಡೋಸಿನ ಸ್ವಂತ ಪ್ರೋಗ್ರಾಮ್) ಹೆಸರಿನದು ಸಿಸ್ಟಮ್32 ಬಿಟ್ಟು ಬಳಕೆದಾರರ ಫೋಲ್ಡರಿನಿಂದ ಓಡುತ್ತಿದ್ದರೆ ಅದು ವೈರಸ್ಸೇ, ಅನುಮಾನ ಬೇಡ.

ಇಲ್ಲಿ ಎಲ್ಲರೂ ಜಾರುವ ಜಾಗ ಒಂದಿದೆ. ಟಾಸ್ಕ್ ಓಡಿಸುವುದು ಪವರ್‌ಶೆಲ್, ಎಂಎಸ್‌ಎಚ್‌ಟಿಎ, ಡಬ್ಲ್ಯೂಸ್ಕ್ರಿಪ್ಟ್, ರನ್‌ಡಿಎಲ್‌ಎಲ್32 ಇಂಥ ವಿಂಡೋಸಿನದೇ ಪ್ರೋಗ್ರಾಮ್ ಆದರೆ ಆ ಪ್ರೋಗ್ರಾಮಿಗೆ ಮೈಕ್ರೋಸಾಫ್ಟಿನ ಸಹಿ ಇರುತ್ತದೆ, ವಿಷ ಇರುವುದು ಅದರ ಮುಂದೆ ಕೊಟ್ಟ ಕಮಾಂಡಿನಲ್ಲಿ. ಮೈಕ್ರೋಸಾಫ್ಟ್ ಎಂಟ್ರಿಗಳನ್ನು ಮರೆಮಾಡಿದಾಗ ಇದೂ ಮರೆಯಾಗಬಹುದು. ಹಾಗಾಗಿ ಲಾಗಾನ್ ಮತ್ತು ಶೆಡ್ಯೂಲ್ಡ್ ಟಾಸ್ಕ್ಸ್ ಟ್ಯಾಬ್‌ಗಳನ್ನು ಹೈಡ್ ತೆಗೆದು ಇನ್ನೊಂದು ಸಲ ಸಾಲುಸಾಲಾಗಿ ಓದಿ. ಕಮಾಂಡಿನಲ್ಲಿ ತಲೆಬುಡ ಇಲ್ಲದ ಉದ್ದನೆಯ ಅಕ್ಷರಮಾಲೆಯೋ ವೆಬ್ ವಿಳಾಸವೋ ಇದ್ದರೆ ಸಿಕ್ಕಿತು ಎನ್ನಿ. ಡಬ್ಲ್ಯೂಎಂಐ ಟ್ಯಾಬ್ ಮನೆಯ ಕಂಪ್ಯೂಟರಿನಲ್ಲಿ ಹೆಚ್ಚುಕಮ್ಮಿ ಖಾಲಿ ಇರಬೇಕು. ಎಸ್‌ಸಿಎಂ ಇವೆಂಟ್ ಲಾಗ್ ಕನ್ಸ್ಯೂಮರ್ ಎಂಬ ಎಂಟ್ರಿ ಮಾತ್ರ ವಿಂಡೋಸಿನದೇ.

ಅನುಮಾನದ್ದರ ಟಿಕ್ ತೆಗೆಯಿರಿ, ಡಿಲೀಟ್ ಮಾಡಬೇಡಿ. ಟಿಕ್ ತೆಗೆದದ್ದನ್ನು ಮತ್ತೆ ಹಾಕಬಹುದು. ಲಾಗಾನ್ ಟ್ಯಾಬಿನ ಯೂಸರ್‌ಇನಿಟ್ ಮತ್ತು ಶೆಲ್ ಅನ್ನು ಗೊತ್ತಿಲ್ಲದೆ ಮುಟ್ಟಿದರೆ ಲಾಗಿನ್ ಆಗುವುದೇ ನಿಲ್ಲುತ್ತದೆ. ಮನೆಯಲ್ಲಿ ಬೇರೆಯವರ ಯೂಸರ್ ಖಾತೆಗಳಿದ್ದರೆ ಯೂಸರ್ ಮೆನುವಿನಲ್ಲಿ ಅವನ್ನೂ ಆರಿಸಿ ನೋಡಿ, ಅವರವರ ಸ್ಟಾರ್ಟಪ್ ಬೇರೆಬೇರೆ.

ಇನ್ನೊಂದು, ‘ಸ್ಕ್ಯಾನ್ ಮಾಡಿದರೆ ಏನೂ ಸಿಗುತ್ತಿಲ್ಲ’ ಎಂದಿರಲ್ಲ, ಅದಕ್ಕೆ. ವಿಂಡೋಸ್ ಸೆಕ್ಯೂರಿಟಿ, ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್, ಮ್ಯಾನೇಜ್ ಸೆಟ್ಟಿಂಗ್ಸ್, ಕೆಳಗೆ ಎಕ್ಸ್‌ಕ್ಲೂಷನ್ಸ್. ಮಾಲ್‌ವೇರ್ ಅಡ್ಮಿನ್ ಹಕ್ಕು ಸಿಕ್ಕ ಕೂಡಲೇ ತನ್ನ ಫೋಲ್ಡರನ್ನು, ಕೆಲವೊಮ್ಮೆ ಇಡೀ ಸಿ ಡ್ರೈವನ್ನೇ ಇಲ್ಲಿ ಸೇರಿಸುತ್ತದೆ. ಅಲ್ಲಿ ಸೇರಿದ ಜಾಗವನ್ನು ಡಿಫೆಂಡರ್ ನೋಡುವುದೇ ಇಲ್ಲ. ನೀವಾಗಿ ಸೇರಿಸದ ಒಂದು ಸಾಲೂ ಇರಬಾರದು. ಕ್ರ್ಯಾಕ್ ಹಾಕಿದ ಆಟ, ಆಫೀಸ್ ಆಕ್ಟಿವೇಟರ್ ಇಳಿಸುವಾಗ ‘ಆಂಟಿವೈರಸ್ ಆಫ್ ಮಾಡಿ, ಈ ಫೋಲ್ಡರ್ ಎಕ್ಸ್‌ಕ್ಲೂಡ್ ಮಾಡಿ’ ಎಂದು ಬರೆದಿದ್ದನ್ನು ನಂಬಿ ಮಾಡಿದ್ದರೆ, ಬಾಗಿಲು ತೆಗೆದವರು ನೀವೇ. ಬೇಸರ ಮಾಡಿಕೊಳ್ಳಬೇಡಿ, ಅದನ್ನು ಮೊದಲು ತೆಗೆದುಹಾಕಿ. ಡಿಫೆಂಡರ್ ಸೆಟ್ಟಿಂಗನ್ನು ಬೇರೆ ಪ್ರೋಗ್ರಾಮ್ ಬದಲಿಸದಂತೆ ತಡೆಯುವ ಟ್ಯಾಂಪರ್ ಪ್ರೊಟೆಕ್ಷನ್ ಆನ್ ಇದೆಯೇ ನೋಡಿ.

ಇಷ್ಟಾದ ಮೇಲೆ ಸ್ಕ್ಯಾನ್ ಆಪ್ಷನ್ಸ್‌ನಿಂದ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಕೊಡಿ. ಯಂತ್ರ ರೀಸ್ಟಾರ್ಟ್ ಆಗಿ ವಿಂಡೋಸ್ ಏಳುವ ಮೊದಲೇ ನೋಡುತ್ತದೆ, ಸುಮಾರು 15 ನಿಮಿಷ. ಓಡದೇ ಇರುವ ಮಾಲ್‌ವೇರಿಗೆ ಅಡಗಲು ಆಗುವುದಿಲ್ಲ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಇದ್ದರೆ 48 ಅಂಕಿಯ ರಿಕವರಿ ಕೀ ಮುಂಚೆಯೇ ಬರೆದಿಟ್ಟುಕೊಳ್ಳಿ, ಕೇಳಿದಾಗ ಇಲ್ಲದಿದ್ದರೆ ವೈರಸ್ಸಿಗಿಂತ ದೊಡ್ಡ ಕಷ್ಟ. ಆಮೇಲೆ ಫುಲ್ ಸ್ಕ್ಯಾನ್. ಕ್ವಿಕ್ ಸ್ಕ್ಯಾನ್ ಕ್ಲೀನ್ ಎಂದಿತೆಂದು ನಂಬಬೇಡಿ.

ಬ್ರೌಸರ್ ಬೇರೆಯೇ ಕಥೆ. ಮೂಲೆಯಲ್ಲಿ ಬರುವ ‘ನಿಮ್ಮ ಪಿಸಿಯಲ್ಲಿ 5 ವೈರಸ್’ ಎಂಬುದು ಬಹುತೇಕ ಯಾವುದೋ ಸೈಟಿಗೆ ನೀವು ಕೊಟ್ಟ ನೋಟಿಫಿಕೇಷನ್ ಅನುಮತಿ; ಸೈಟ್ ಸೆಟ್ಟಿಂಗ್ಸ್‌ನಲ್ಲಿ ತೆಗೆದರೆ ಹೋಯಿತು. ಎಕ್ಸ್‌ಟೆನ್ಷನ್ ತೆಗೆದರೂ ಮತ್ತೆ ಬರುತ್ತಿದ್ದರೆ ಎರಡು ಕಾರಣ. ಒಂದು, ಸಿಂಕ್: ಅದೇ ಖಾತೆಯಲ್ಲಿರುವ ಇನ್ನೊಂದು ಕಂಪ್ಯೂಟರಿನಿಂದ ಇಳಿದು ಬರುತ್ತಿದೆ. ಸಿಂಕ್ ಆಫ್ ಮಾಡಿ, ಎರಡೂ ಕಡೆ ತೆಗೆದು, ಆಮೇಲೆ ಆನ್ ಮಾಡಿ. ಎರಡು, ಪಾಲಿಸಿ, ಅಂದರೆ ಬ್ರೌಸರಿನ ಮೇಲೆ ಹೊರಗಿನಿಂದ ಹೇರಿದ ನಿಯಮ: ಮನೆಯ ಕಂಪ್ಯೂಟರಿನ ಕ್ರೋಮ್ ಮೆನುವಿನಲ್ಲಿ ‘ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಎಂದು ಕಂಡರೆ ಪಾಲಿಸಿ ಪುಟ ತೆರೆದು ‘ಎಕ್ಸ್‌ಟೆನ್ಷನ್ ಇನ್‌ಸ್ಟಾಲ್ ಫೋರ್ಸ್‌ಲಿಸ್ಟ್’ ಇದೆಯೇ ನೋಡಿ. ಪಾಲಿಸಿಯನ್ನು ಕೆಲವು ಆಂಟಿವೈರಸ್‌ಗಳೂ ಹಾಕುತ್ತವೆ, ಆದ್ದರಿಂದ ಅವನ್ನು ತೆಗೆದ ಮೇಲೆ ನೋಡಿ. ಡೆಸ್ಕ್‌ಟಾಪಿನ ಬ್ರೌಸರ್ ಶಾರ್ಟ್‌ಕಟ್ಟಿನ ಪ್ರಾಪರ್ಟೀಸ್‌ನಲ್ಲಿ ಟಾರ್ಗೆಟ್ ಕೊನೆಗೆ ವೆಬ್ ವಿಳಾಸ ಅಂಟಿಸಿರುತ್ತಾರೆ, ಪ್ರಾಕ್ಸಿ ಸೆಟ್ಟಿಂಗಿನಲ್ಲಿ 127.0.0.1 (ನಿಮ್ಮ ಕಂಪ್ಯೂಟರಿನದೇ ವಿಳಾಸ) ಕೂರಿಸಿರುತ್ತಾರೆ. ಫೋನಿನಲ್ಲೂ ಅದೇ ಜಾಹೀರಾತು ಪುಟ ತೆರೆಯುತ್ತಿದ್ದರೆ ತಪ್ಪು ಕಂಪ್ಯೂಟರಿನದಲ್ಲ. ರೂಟರಿನ ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸೆಟ್ಟಿಂಗ್) ಮತ್ತು ಅಡ್ಮಿನ್ ಪಾಸ್‌ವರ್ಡ್ ನೋಡಿ.

ಯಾವಾಗ ಕೈಬಿಡಬೇಕು? ಆನ್‌ಲೈನ್ ಖಾತೆಗೆ ಅಪರಿಚಿತರು ನುಗ್ಗಿದ್ದು ಖಚಿತವಾದರೆ, ಗೊತ್ತಿಲ್ಲದ ಎನಿಡೆಸ್ಕ್‌ನಂಥ ರಿಮೋಟ್ (ದೂರದಿಂದ ಕಂಪ್ಯೂಟರ್ ನಡೆಸುವ) ಸಾಫ್ಟ್‌ವೇರ್ ಸಿಕ್ಕರೆ, ಡಿಫೆಂಡರ್ ಆನ್ ಆಗುವುದೇ ಇಲ್ಲವಾದರೆ, ತೊಳೆಯುತ್ತ ಕೂರಬೇಡಿ. ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ಕನಿಷ್ಠ 8 ಜಿಬಿಯ ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡಿ, ಎಲ್ಲ ಪಾರ್ಟಿಷನ್ (ಡಿಸ್ಕಿನ ಭಾಗಗಳು) ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿ. ಡಿ ಡ್ರೈವೂ ಅದೇ ಡಿಸ್ಕಿನಲ್ಲಿದ್ದರೆ ಅದೂ ಹೋಗುತ್ತದೆ, ಬ್ಯಾಕಪ್ ಮೊದಲು. ಬ್ಯಾಕಪ್ಪಿಗೆ ಫೋಟೊ, ಪಿಡಿಎಫ್, ಡಾಕ್ಯುಮೆಂಟ್ ಮಾತ್ರ. ಕ್ಲಿಕ್ ಮಾಡಿದರೆ ಏನನ್ನಾದರೂ ಓಡಿಸಬಲ್ಲ ಇಎಕ್ಸ್‌ಇ, ಎಸ್‌ಸಿಆರ್, ಬ್ಯಾಟ್, ವಿಬಿಎಸ್, ಎಲ್‌ಎನ್‌ಕೆ ಫೈಲ್ ಒಂದೂ ಬೇಡ. ಎಕ್ಸ್‌ಪ್ಲೋರರಿನಲ್ಲಿ ಫೈಲ್ ಎಕ್ಸ್‌ಟೆನ್ಷನ್ (ಫೈಲ್ ಹೆಸರಿನ ಕೊನೆಯ ಬಾಲ) ತೋರಿಸುವುದನ್ನು ಆನ್ ಮಾಡಿಯೇ ಕಾಪಿ ಮಾಡಿ, ಇಲ್ಲದಿದ್ದರೆ ಫೋಟೊ ಹೆಸರಿನ ಇಎಕ್ಸ್‌ಇ ಸೇರಿಕೊಂಡು ಬರುತ್ತದೆ. ಫೈಲುಗಳು ಲಾಕ್ ಆಗಿ ಹಣ ಕೇಳುತ್ತಿದ್ದರೆ ಮಾತ್ರ ಅಳಿಸುವ ಮುನ್ನ ನೋ ಮೋರ್ ರ‍್ಯಾನ್ಸಮ್ ಸೈಟಿನಲ್ಲಿ ಬೀಗ ತೆಗೆಯುವ ಟೂಲ್ ಇದೆಯೇ ಹುಡುಕಿ. ಯೂರೋಪೋಲ್, ಡಚ್ ಪೊಲೀಸರು ಸೇರಿ 2016ರಲ್ಲಿ ಶುರುಮಾಡಿದ್ದು, ಉಚಿತ.

ಮನೆಯವರಿಗೆಲ್ಲ ಇದನ್ನು ಹೇಳಿ: ‘ನೀವು ರೋಬೋ ಅಲ್ಲ ಎಂದು ತೋರಿಸಲು ವಿಂಡೋಸ್ ಕೀ ಮತ್ತು ಆರ್ ಒತ್ತಿ, ಪೇಸ್ಟ್ ಮಾಡಿ, ಎಂಟರ್ ಒತ್ತಿ’ ಎಂದು ಯಾವ ನಿಜವಾದ ಸೈಟೂ ಕೇಳುವುದಿಲ್ಲ. ಅದನ್ನು ಮಾಡಿದರೆ ಸ್ಟೀಲರನ್ನು ನಮ್ಮ ಕೈಯಾರೆ ಓಡಿಸಿದ ಹಾಗೆ. ನೀವು ಹೀಗೆ ಮಾಡಿದ್ದೀರಾ ಎಂಬುದನ್ನು ದಯವಿಟ್ಟು ಬರೆಯಿರಿ, ಅದರ ಮೇಲೆ ರೀಇನ್‌ಸ್ಟಾಲ್ ಬೇಕೋ ಬೇಡವೋ ಹೇಳಬಹುದು.

ಎಲ್ಲ ಮುಗಿದು ಎರಡು ಸಲ ರೀಸ್ಟಾರ್ಟ್ ಆದ ಮೇಲೆ ಆಟೋರನ್ಸ್ ತೆರೆದು ಮೊದಲು ಉಳಿಸಿಟ್ಟ ಫೈಲಿನೊಂದಿಗೆ ಕಂಪೇರ್ ಕೊಡಿ. ಹೊಸದಾಗಿ ಹುಟ್ಟಿದ ಎಂಟ್ರಿ ಹಸಿರಾಗಿ ಕಾಣುತ್ತದೆ. ಹಸಿರು ಕಂಡರೆ ಇಲ್ಲಿ ಸ್ಕ್ರೀನ್‌ಶಾಟ್ ಹಾಕಿ, ನಿಮ್ಮ ಯೂಸರ್ ಹೆಸರು ಕಾಣುವ ಭಾಗ ಮುಚ್ಚಿ.