ಕಿವಿಯ ಸದ್ದು ನಿಲ್ಲಲಿ ಅಂತ ಕಾಯಬೇಡಿ

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ವರ್ಷದಿಂದ ಎರಡೂ ಕಿವಿಯಲ್ಲಿ ಕುಯ್ ಎನ್ನುವ ಸದ್ದು, ರಾತ್ರಿ ಜಾಸ್ತಿ. ನೂರಾರು ಜನರೆದುರು ನಿರೂಪಣೆ ಮಾಡುತ್ತಿದ್ದ ನಿಮಗೆ ಈಗ ಮೈಕ್ ಹಿಡಿಯಲು ಭಯ, ಯಾರೋ ಏನೋ ಕೇಳಿ ನಾನು ಇನ್ನೇನೋ ಉತ್ತರ ಕೊಟ್ಟುಬಿಟ್ಟರೆ ಅಂತ. ‘ಯಾರಿಗೂ ಹೇಳಬೇಡ, ಬೆಲೆ ಹೋಗುತ್ತೆ’ ಅನ್ನುತ್ತಾರಂತೆ ಅಣ್ಣ. ‘ಸದ್ದು ನಿಂತ ಮೇಲೆ ಮತ್ತೆ ವೇದಿಕೆ ಹತ್ತುತ್ತೇನೆ’ ಎಂದು ಮುಗಿಸಿದ್ದೀರಿ. ನನ್ನ ತಕರಾರು ಇರುವುದೇ ಆ ಕೊನೆಯ ಸಾಲಿಗೆ.

ಅಣ್ಣನ ಮಾತು ಪೂರ್ತಿ ಸುಳ್ಳಲ್ಲ. ಕಷ್ಟ ಹೇಳಿಕೊಂಡವರನ್ನು ಮೂಲೆಗೆ ತಳ್ಳುವವರು ಇದ್ದಾರೆ. ಆದರೆ ಮುಚ್ಚಿಡುವುದಕ್ಕೆ ತೆರುವ ಬೆಲೆ ಅವರಿಗೆ ಗೊತ್ತಿಲ್ಲ. ನಮ್ಮಲ್ಲಿ ಕರಡು ತಿದ್ದುತ್ತಿದ್ದ ಹಿರಿಯರೊಬ್ಬರಿಗೆ ಇದೇ ತೊಂದರೆ ಇತ್ತು. ಚಳಿಯಲ್ಲೂ ಅವರ ಮೇಜಿನ ಫ್ಯಾನ್ ತಿರುಗುತ್ತಿತ್ತು, ಗೋಡೆಯ ಕಡೆಗೆ ಮುಖ ಮಾಡಿ. ಗಾಳಿಗಲ್ಲ, ಅದರ ಸದ್ದಿಗೆ ಅಂತ ನನಗೆ ತಿಳಿದದ್ದು ವರ್ಷದ ನಂತರ. ಅಲ್ಲಿಯವರೆಗೆ ಸಭೆಯಲ್ಲಿ ಎಲ್ಲದಕ್ಕೂ ಸುಮ್ನೆ ತಲೆಯಾಡಿಸುತ್ತಿದ್ದರು. ಒಂದು ದಿನ ‘ಸ್ವಲ್ಪ ನಿಧಾನಕ್ಕೆ, ನನ್ನ ಮುಖ ನೋಡಿ ಹೇಳಿ, ಕಿವಿಯಲ್ಲಿ ಸದ್ದಿದೆ’ ಅಂದರು. ಯಾರೂ ನಗಲಿಲ್ಲ. ಮುಂದಿನ ಸಭೆಯಲ್ಲಿ ಅವರು ನನ್ನ ಜೊತೆ ವಾದಕ್ಕೇ ಇಳಿದರು!

ಜರ್ಮನಿಯ ಸಂಗೀತ ರಚನಕಾರ ಬೀಥೋವನ್ 1801ರಲ್ಲಿ, ತನ್ನ ಮೂವತ್ತನೇ ವಯಸ್ಸಿನಲ್ಲಿ, ಗೆಳೆಯ ವೆಗೆಲರ್‌ಗೆ ಬರೆದದ್ದೂ ನಿಮ್ಮದರಂಥದೇ ಪತ್ರ. ಹಗಲು ರಾತ್ರಿ ಕಿವಿ ಮೊರೆಯುತ್ತಿದೆ, ಕಿವುಡ ಅಂತ ಹೇಳಿಕೊಳ್ಳಲಾಗದೆ ಸುಮಾರು ಎರಡು ವರ್ಷದಿಂದ ಜನರ ನಡುವೆ ಹೋಗುವುದನ್ನೇ ಬಿಟ್ಟಿದ್ದೇನೆ ಅಂತ. ದೊಡ್ಡ ವಾದ್ಯವೃಂದಕ್ಕೆಂದು ಆತ ಬರೆದ ಒಂಬತ್ತು ಸಿಂಫನಿಗಳಲ್ಲಿ ಎಂಟು ಬಂದದ್ದು ಆಮೇಲೆ. ಇನ್ನು ಚೆಕ್ ಸಂಗೀತ ರಚನಕಾರ ಸ್ಮೆತಾನಾ, ನಾಲ್ಕು ತಂತಿವಾದ್ಯಗಳಿಗೆ ಬರೆದ 1876ರ ತನ್ನ ಕ್ವಾರ್ಟೆಟ್‌ನ ಕೊನೆಯಲ್ಲಿ, ಕಿವಿಯಲ್ಲಿ ಕೊರೆಯುತ್ತಿದ್ದ ಸದ್ದನ್ನೇ ಪಿಟೀಲಿನ ಒಂದು ಎತ್ತರದ ಸ್ವರವಾಗಿ ಎಲ್ಲರಿಗೂ ಕೇಳಿಸಿಬಿಟ್ಟ. ಹೇಳಿಕೊಳ್ಳುವುದು ಅಂದರೆ ಅದು, ಅಲ್ವಾ?

ನಿಮ್ಮನ್ನು ಸ್ವಲ್ಪ ಬೈಯಲೇಬೇಕು. ರಾತ್ರಿ ಕಿವಿಗೆ ಬಿರಡೆ ಹಾಕಿ ಮಲಗುತ್ತೇನೆ ಎಂದಿದ್ದೀರಿ. ದಯವಿಟ್ಟು ಬೇಡ. 1953ರಲ್ಲಿ ಚೆನ್ನಾಗಿ ಕಿವಿ ಕೇಳುವ 80 ಜನರನ್ನು ಸದ್ದೇ ಬಾರದ ಕೋಣೆಯಲ್ಲಿ ಕೆಲವು ನಿಮಿಷ ಕೂರಿಸಿದಾಗ, ಶೇಕಡಾ 94 ಮಂದಿಗೆ ಏನಾದರೊಂದು ಸದ್ದು ಕೇಳಿಸಿತು. ಹೊರಗಿನದು ಕಡಿಮೆಯಾದಷ್ಟೂ ಒಳಗಿನದು ಎದ್ದು ಕಾಣುತ್ತದೆ. ಅದನ್ನು ಅಪಾಯ ಅಂದುಕೊಂಡಷ್ಟು ಕಾಲ ಮಿದುಳು ಅದಕ್ಕೆ ಕಾವಲು ಕಾಯುತ್ತದೆ. ಇದರಿಂದ ಏನೂ ಆಗಲ್ಲ ಅಂತ ಮನವರಿಕೆಯಾದಾಗ ಅನೇಕರಿಗೆ ಫ್ಯಾನಿನ ಸದ್ದಿನ ಹಾಗೆ ಅದು ಹಿಂದೆ ಸರಿಯುತ್ತದೆ. ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಕೂಡ ಸದ್ದಿಗಿಂತ ಅದರ ಕಾಟವನ್ನು ಕಡಿಮೆ ಮಾಡುವಂಥದು. ಅಂದಮೇಲೆ ವೇದಿಕೆ ಮೊದಲು, ಸದ್ದು ಆಮೇಲೆ. (ಒಂದೇ ಕಿವಿಯಲ್ಲಿದ್ದರೆ, ನಾಡಿಯ ಜೊತೆ ಬಡಿಯುತ್ತಿದ್ದರೆ, ತಟ್ಟನೆ ಕಿವಿ ಮಂದವಾದರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ.)

ವೈದ್ಯರು ಅಂದಾಗ ನೆನಪಾಯಿತು. ‘ಇದಕ್ಕೆ ಏನೂ ಮಾಡಕ್ಕಾಗಲ್ಲ, ಅಡ್ಜಸ್ಟ್ ಮಾಡ್ಕೊಳ್ಳಿ’ ಅಂತ ಮೂರೇ ನಿಮಿಷದಲ್ಲಿ ಕಳಿಸುವವರ ಮೇಲೆ ನನಗೆ ತುಂಬಾ ಸಿಟ್ಟಿದೆ. ಹೇಗೆ ಅಡ್ಜಸ್ಟ್ ಆಗಬೇಕು ಅಂತ ಹೇಳಿಕೊಡುವುದೇ ಅಲ್ಲವೇ ಚಿಕಿತ್ಸೆ? ನಾವೂ ಕಡಿಮೆಯಿಲ್ಲ. ಕನ್ನಡಕ ಹಾಕಿದವರನ್ನು ಓದಿದವರು ಅನ್ನುತ್ತೇವೆ, ‘ಏನಂದ್ರಿ?’ ಎಂದು ಎರಡನೇ ಸಲ ಕೇಳಿದವರಿಗೆ ನಗುತ್ತೇವೆ. ‘ಕಿವುಡನ ಮುಂದೆ ಕಿನ್ನರಿ’ ಅಂತ ಗಾದೆ ಬೇರೆ. ಕೇಳಿಸುವ ಕಿವಿಗಳನ್ನಾದರೂ ಉಳಿಸುತ್ತೇವಾ? ಪ್ರತಿ ಸಮಾರಂಭದಲ್ಲೂ ಪಕ್ಕದವರ ಮಾತು ಕೇಳದಷ್ಟು ಸ್ಪೀಕರ್!

ಮುಂದಿನ ತಿಂಗಳ ಕಾರ್ಯಕ್ರಮಕ್ಕೆ ಕರೆದಿದ್ದಾರೆ ಅಂದಿರಲ್ಲ, ಒಪ್ಪಿಕೊಳ್ಳಿ. ಸ್ಪೀಕರ್ ನಿಮ್ಮಿಂದ ದೂರ ಇರಲಿ, ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಲಿ. ಮೈಕ್ ಹಿಡಿದ ತಕ್ಷಣ ಕಾರಣ ಹೇಳಿಬಿಡಿ, ಒಂದೇ ವಾಕ್ಯದಲ್ಲಿ. ಹೇಗಾಯಿತು ಅಂತ ನನಗೆ ಬರೆಯಿರಿ. ಅಣ್ಣನನ್ನು ಮುಂದಿನ ಸಾಲಿನಲ್ಲೇ ಕೂರಿಸಿ.

— ಸಂ.