ಬೀದಿಗೆ ಬಂದ ಹಾಸಿಗೆ

ರಾಯಚೂರಿನ ಅಕ್ಕನವರಿಗೆ ನಮಸ್ಕಾರ.

ನಿಮ್ಮ ಓಣಿಯ ಮೂಲೆಯಲ್ಲಿ ಒಂದು ಬೆಳಗ್ಗೆ ಹತ್ತಿಯ ಹಾಸಿಗೆ, ಒಡೆದ ಬೀಸುಕಲ್ಲು, ಕೂಲರಿನ ಹಳೇ ಹುಲ್ಲು ಬಿದ್ದಿದ್ದವು ಎಂದು ಬರೆದಿದ್ದೀರಿ. ನಿಂತು ನೋಡಿದಿರಂತೆ. ಆಮೇಲೆ ಮಂದಿಯ ಮನೆಯೊಳಗೆ ಇಣುಕಿದ ಹಾಗಾಯ್ತು, ಇದು ತಪ್ಪಲ್ವಾ ಎಂದು ಕೇಳಿದ್ದೀರಿ.

ತಪ್ಪಲ್ಲ ಅಕ್ಕಾ. ನಮ್ಮ ಕಡೆ ಯಾವುದನ್ನೂ ಸುಮ್ನೆ ಬಿಸಾಡುವುದಿಲ್ಲ. ಕೂಲರಿನ ತಗಡು, ಮೋಟಾರು ಗುಜರಿಗೆ ಹೋಗುತ್ತವೆ. ರದ್ದಿಗೆ, ಬಾಟಲಿಗೆ ಬೆಲೆ ಇದೆ. ಹಳೇ ಸೀರೆ ಕೌದಿಯಾಗುತ್ತದೆ. ಇಷ್ಟಾದ ಮೇಲೂ ಬೀದಿಗೆ ಬಂದದ್ದು ಯಾರೂ ಕೊಳ್ಳದ, ಮನೆಯವರೂ ಇಟ್ಟುಕೊಳ್ಳಲಾಗದ ವಸ್ತು. ಅದಕ್ಕೇ ಅದು ಜಾಸ್ತಿ ಮಾತಾಡುತ್ತದೆ.

ಬಳ್ಳಾರಿ ಹತ್ತಿರದ ಕುಡತಿನಿಯಲ್ಲಿ ಬೂದಿದಿಬ್ಬ ಇದೆ. ಇಂಥ ದಿಬ್ಬಗಳನ್ನು ಜನ ರಾಕ್ಷಸರ ಬೂದಿ ಎನ್ನುತ್ತಿದ್ದರು. ಹಂಪಿ ಬಳಿಯ ನಿಂಬಾಪುರದ್ದು ವಾಲಿಯ ಚಿತೆಯ ಬೂದಿ ಎಂಬ ನಂಬಿಕೆ. ನಿಜಕ್ಕೂ ಅವು ನಾಲ್ಕೈದು ಸಾವಿರ ವರ್ಷಗಳ ಹಿಂದೆ ದನ ಸಾಕುತ್ತಿದ್ದವರು ರಾಶಿ ಹಾಕಿ ಸುಟ್ಟ ಸಗಣಿ. ಕೃಷ್ಣೆಯ ಆಚೆ ಉಟ್ನೂರಿನ ದಿಬ್ಬವನ್ನು 1957ರಲ್ಲಿ ಪುರಾತತ್ವಜ್ಞ ಆಲ್ಚಿನ್ ಅಗೆಸಿದಾಗ ದನಗಳ ಗೊರಸಿನ ಗುರುತು ಸಿಕ್ಕವು. ಆ ಜನ ಒಂದಕ್ಷರ ಬರೆದಿಟ್ಟಿಲ್ಲ. ದೊಡ್ಡಿಯ ಸಗಣಿ, ಒಡೆದ ಮಡಕೆ, ಸವೆದ ಅರೆಯುವ ಕಲ್ಲುಗಳಂಥ ವಸ್ತುಗಳಿಂದಲೇ ಅವರ ಬದುಕು ನಮಗೆ ಗೊತ್ತಾಗಿದ್ದು. ನೀವು ನೋಡಿದ ಬೀಸುಕಲ್ಲು ಆ ಕಲ್ಲುಗಳ ಮೊಮ್ಮಗಳು ಅಂತ ನನಗೆ ಅನಿಸುತ್ತದೆ.

ಒಂದು ಮಾತು. ಕಸದಲ್ಲಿ ಆಸ್ಪತ್ರೆ ಚೀಟಿ, ಬ್ಯಾಂಕಿನ ಕಾಗದ ಕಂಡರೆ ಹೆಸರು ಓದಬೇಡಿ. ಅದು ಇಣುಕುವುದೇ.

ಬೀದಿಗೆ ಏನೂ ಬೀಳದ ಮನೆಗಳನ್ನೂ ನೋಡಿ. ಗುಳೆ ಹೋಗುವವರು ಪಾತ್ರೆ, ಹಾಸಿಗೆ, ಮಕ್ಕಳು ಎಲ್ಲವನ್ನೂ ಕಟ್ಟಿಕೊಂಡು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಬೀಗ ಒಂದೇ ಉಳಿಯುತ್ತದೆ. ಬಿಸಾಡುವುದಕ್ಕೂ ಮನೆಯಲ್ಲಿ ಒಂದಿಷ್ಟು ಇರಬೇಕಲ್ಲ.

ಇನ್ನು ಹಾಸಿಗೆ. ನಮ್ಮಪ್ಪ ತೀರಿಕೊಂಡ ಮೇಲೆ ಅವರ ಹಾಸಿಗೆಯನ್ನು ನಸುಕಿನಲ್ಲಿ ನಾನೇ ಹೊತ್ತುಕೊಂಡು ಹೋಗಿ ಊರ ಹೊರಗೆ ಇಟ್ಟೆ. ಎಡಗಡೆ ಹತ್ತಿ ತಗ್ಗಾಗಿತ್ತು. ಅಪ್ಪ ಯಾವಾಗಲೂ ಗೋಡೆ ಕಡೆಗೇ ಸರಿದು ಮಲಗುತ್ತಿದ್ದರು. ಹಾಲು ಹಾಕಲು ಹೊರಟಿದ್ದವರೊಬ್ಬರು ಸೈಕಲ್ ನಿಲ್ಲಿಸಿ ಆ ತಗ್ಗನ್ನೇ ನೋಡಿದರು. ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತು ನನ್ನ ಜೊತೆ ನಿಂತಿದ್ದು ಹೋದರು. ಅವರು ನೋಡಿದ್ದಕ್ಕೆ ನನಗೆ ಅವತ್ತು ಸಮಾಧಾನವೇ ಆಯಿತು.

ನಿಮ್ಮ
ಸಂಪಾದಕ