ದೆವ್ವವನ್ನು ಏಕೆ ಕೈಬಿಟ್ಟಿರಿ?

ಓದುಗರ ಪತ್ರ: ‘ಕಳೆದ ಸಂಚಿಕೆಯಲ್ಲಿ ಪಾಳುಬಿದ್ದ ಊರುಗಳ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ದೆವ್ವದ ಕತೆಗಳನ್ನೆಲ್ಲ ಏಕೆ ಕೈಬಿಟ್ಟಿರಿ? ಭಯ ತೆಗೆದುಬಿಟ್ಟರೆ ಅಲ್ಲಿ ಉಳಿಯೋದು ಬರೀ ಮುರುಕು ಗೋಡೆ ಅಲ್ವಾ? ಇನ್ನೊಂದು ಮಾತು. ಯಾವುದೋ ಒಂದು ಸೀಮೆಯಲ್ಲಿ ಇಂಥ ಜಾಗಗಳನ್ನು ನಾವೇ ಹುಡುಕಬೇಕು ಅಂದ್ರೆ ಎಲ್ಲಿಂದ ಶುರು ಮಾಡಬೇಕು? ರಾತ್ರಿ ಹೋಗಬಹುದಾ?’

ಸಂಪಾದಕರ ಉತ್ತರ:

ಪತ್ರ ಬರೆದದ್ದಕ್ಕೆ ಥ್ಯಾಂಕ್ಸ್. ಮೊದಲು ಭಯದ ಮಾತು.

ದೆವ್ವದ ಕತೆಗಳ ಮೇಲೆ ನನಗೆ ಮುನಿಸಿಲ್ಲ. ಎಷ್ಟೋ ಕಡೆ ಊರಿನ ಹೆಸರು ಜನರ ಬಾಯಲ್ಲಿ ಉಳಿದಿರುವುದೇ ಆ ಕತೆಯಿಂದ. ನನ್ನ ತಕರಾರು ಇಷ್ಟೇ: ಕತೆ ಕೇಳಿ ಮೈ ಜುಮ್ಮೆಂದ ಮೇಲೆ ಮುಂದಿನ ಪ್ರಶ್ನೆ ಯಾರೂ ಕೇಳುವುದಿಲ್ಲ. ಇಲ್ಲಿ ಯಾರಿದ್ದರು? ಏಕೆ ಎದ್ದುಹೋದರು?

ರಾಜಸ್ಥಾನದ ಪಾಳುಬಿದ್ದ ಕೋಟೆಪಟ್ಟಣ ಭಾನ್‌ಗಢವನ್ನೇ ನೋಡಿ. ರಾಜಕುಮಾರಿಗೆ ಮನಸೋತ ಮಾಂತ್ರಿಕ ಊರಿಗೇ ಶಾಪ ಹಾಕಿದ ಕತೆ ಎಲ್ಲರಿಗೂ ಗೊತ್ತು. ಸೂರ್ಯ ಮುಳುಗಿದ ಮೇಲೆ ಒಳಗೆ ಬರಬೇಡಿ ಎಂಬ ಪುರಾತತ್ವ ಇಲಾಖೆಯ ಬೋರ್ಡ್ ತೋರಿಸಿ, ‘ನೋಡಿ, ಸರ್ಕಾರವೇ ಒಪ್ಪಿಕೊಂಡಿದೆ’ ಅನ್ನುತ್ತಾರೆ. ಆದರೆ ಕತ್ತಲಾದ ಮೇಲೆ ಮುಚ್ಚುವುದು ಭಾನ್‌ಗಢ ಒಂದನ್ನೇ ಅಲ್ಲ. ಇಲಾಖೆ ಕಾಯುವ ಸ್ಮಾರಕಗಳಲ್ಲಿ ಹೆಚ್ಚಿನವಕ್ಕೆ 1959ರಿಂದ ಇದೇ ನಿಯಮ. ಕೆಲವಕ್ಕೆ ಮಾತ್ರ ವಿನಾಯಿತಿ. ಇನ್ನು ಭಾನ್‌ಗಢ ಬರಿದಾದದ್ದಕ್ಕೆ ಇತಿಹಾಸಕಾರರು ಹೇಳುವ ದೊಡ್ಡ ಕಾರಣ 1783ರ ಬರಗಾಲ. ಹಸಿವು ತಾಳಲಾರದೆ ಇಡೀ ಪಟ್ಟಣ ಗಂಟುಮೂಟೆ ಕಟ್ಟಿತು ಅನ್ನುವುದು ನನಗಂತೂ ಮಾಂತ್ರಿಕನಿಗಿಂತ ಜಾಸ್ತಿ ಭಯ ಹುಟ್ಟಿಸುತ್ತದೆ.

ಜೈಸಲ್ಮೇರ್ ಹತ್ತಿರದ ಕುಲ್‌ಧರಾದ ಕತೆ ಇನ್ನೂ ಕುತೂಹಲದ್ದು. ದಿವಾನ ಸಾಲಿಮ್ ಸಿಂಗ್‌ನ ಕಾಟಕ್ಕೆ 84 ಹಳ್ಳಿಗಳ ಪಾಲೀವಾಲ ಬ್ರಾಹ್ಮಣರು ಒಂದೇ ರಾತ್ರಿ ಊರು ಬಿಟ್ಟರು, ಹೋಗುವಾಗ ಇಲ್ಲಿ ಯಾರೂ ನೆಲೆಸದಿರಲಿ ಎಂದು ಶಾಪ ಹಾಕಿದರು ಅನ್ನುತ್ತದೆ ಕತೆ. ವಿದ್ವಾಂಸರು ಹೇಳುವುದು ಬೇರೆ. ಬಾವಿಗಳು ಬತ್ತಿದವು, ತೆರಿಗೆ ಹೊರಲಾರದಷ್ಟು ಏರಿತು, ಜನ ಸ್ವಲ್ಪ ಸ್ವಲ್ಪವೇ ಕರಗಿದರು ಅನ್ನುತ್ತಾರೆ. ಭೂಕಂಪ ಕೂಡ ಕಾರಣ ಇರಬಹುದು ಎಂಬ ವಾದ 2017ರಲ್ಲಿ ಬಂತು. ಆದರೂ ಶಾಪದ ಕತೆಯನ್ನು ಸುಮ್ನೆ ತಳ್ಳಿಹಾಕಬೇಡಿ. ತೆರಿಗೆಗೆ ಪೀಡಿಸಿದ ಅಧಿಕಾರಿಯ ಹೆಸರನ್ನು ಅದು ಇನ್ನೂರು ವರ್ಷ ಮರೆಯದೆ ಹಿಡಿದಿಟ್ಟಿದೆ. ಕತೆಯಲ್ಲಿ ಕಾರಣದ ಎಳೆ ಇದೆ. ಅದನ್ನು ಹಿಡಿದು ಎಳೆಯಬೇಕು.

ಈಗ ನಿಮ್ಮ ‘ಬರೀ ಮುರುಕು ಗೋಡೆ’ಯ ಮಾತು. ಜಪಾನಿನ ನಾಗಸಾಕಿ ಕಡಲಾಚೆ ಹಶಿಮಾ ಅನ್ನುವ ಪುಟ್ಟ ದ್ವೀಪ ಇದೆ. ಬರೀ 6.3 ಹೆಕ್ಟೇರ್. ಸಮುದ್ರದ ತಳದ ಕಲ್ಲಿದ್ದಲು ತೆಗೆಯಲು ಅಲ್ಲಿ ಊರು ಕಟ್ಟಿದರು. 1916ರಲ್ಲೇ ಕಾಂಕ್ರೀಟಿನ ದೊಡ್ಡ ವಸತಿ ಕಟ್ಟಡ ಎದ್ದಿತ್ತು. 1959ರಲ್ಲಿ ಆ ಚೂರು ನೆಲದಲ್ಲಿ 5,259 ಜನ ಇದ್ದರು. 1974ರ ಜನವರಿಯಲ್ಲಿ ಗಣಿ ಮುಚ್ಚಿತು, ಏಪ್ರಿಲ್ ಹೊತ್ತಿಗೆ ಒಬ್ಬರೂ ಇರಲಿಲ್ಲ. ದೆವ್ವದ ದ್ವೀಪ ಎಂದು ಅದರ ಫೋಟೊ ಎಲ್ಲೆಲ್ಲೂ ಓಡಾಡುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಕೊರಿಯಾ ಮತ್ತು ಚೀನಾದವರನ್ನು ಬಲವಂತವಾಗಿ ತಂದು ಆ ಗಣಿಗೆ ಇಳಿಸಿದ್ದರು ಅನ್ನುವುದನ್ನು ಎಷ್ಟು ಜನ ಬರೆಯುತ್ತಾರೆ? 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗಿನಿಂದ ಇದೇ ವಿಷಯಕ್ಕೆ ಜಗಳ ನಡೆದಿದೆ. ಆ ಗೋಡೆಗಳನ್ನು ಬರೀ ಭೂತಬಂಗಲೆ ಅಂದುಬಿಟ್ಟರೆ ಗಣಿಯಲ್ಲಿ ನರಳಿದವರಿಗೆ ಮೋಸ ಮಾಡಿದ ಹಾಗೆ. ಲೇಖನದಲ್ಲಿ ದೆವ್ವವನ್ನು ಕೈಬಿಟ್ಟದ್ದು ಇದಕ್ಕೇ.

ಉಕ್ರೇನಿನ ಪ್ರಿಪ್ಯಾತ್ ವಿಷಯದಲ್ಲೂ ನನಗೆ ಇದೇ ಸಂಕಟ. ಚೆರ್ನೋಬಿಲ್ ಅಣುವಿದ್ಯುತ್ ಸ್ಥಾವರದ ಕೆಲಸಗಾರರಿಗಾಗಿ 1970ರಲ್ಲಿ ಶುರುವಾದ ಊರು ಅದು. ಸ್ಥಾವರ ಸಿಡಿದ ಮೇಲೆ 1986ರ ಏಪ್ರಿಲ್ 27ರ ಮಧ್ಯಾಹ್ನ ಸುಮಾರು 49,000 ಜನರನ್ನು ಬಸ್ಸು ಹತ್ತಿಸಿದರು. ಮೂರು ದಿನಕ್ಕೆ ಬೇಕಾದಷ್ಟು ಸಾಮಾನು ಸಾಕು ಅಂದಿದ್ದರು. ಆಮೇಲೆ ಬಂದವರು ಶಾಲೆಯ ಗೊಂಬೆಗಳಿಗೆ ಗ್ಯಾಸ್ ಮಾಸ್ಕ್ ತೊಡಿಸಿ, ಮಂಚದ ಮೇಲೆ ಕೂರಿಸಿ ಫೋಟೊ ತೆಗೆದರು. ಆ ಫೋಟೊ ನೋಡಿ ನಾವು ಬೆಚ್ಚುತ್ತೇವೆ. ಅಲ್ಲಿ ಮಕ್ಕಳನ್ನು ಆಡಿಸಿದ ತಾಯಿ ಅದನ್ನು ನೋಡಿದರೆ ಅವಳಿಗೆ ಹೇಗಾಗಬೇಡ? ಜೋಡಿಸಿಟ್ಟ ಫೋಟೊ ಎಂದು ಗೊತ್ತಾದರೆ ನಮ್ಮ ಪತ್ರಿಕೆ ಅದನ್ನು ಹಾಕುವುದಿಲ್ಲ.

ಹುಡುಕುವುದು ಹೇಗೆ ಅಂದಿರಿ. ದೆವ್ವ ಇದೆಯಂತೆ ಅನ್ನುವ ಪಟ್ಟಿಗಳನ್ನು ಪಕ್ಕಕ್ಕಿಡಿ, ಎಲ್ಲದರಲ್ಲೂ ಅದೇ ಹತ್ತು ಹೆಸರು. ಆ ಸೀಮೆಯ ಹಳೇ ನಕ್ಷೆ ಒಂದು, ಹೊಸದು ಒಂದು ತೆಗೆದುಕೊಂಡು ಪಕ್ಕಪಕ್ಕ ಇಡಿ. ಹಳೆಯದರಲ್ಲಿದ್ದು ಹೊಸದರಲ್ಲಿ ಇಲ್ಲದ ಹೆಸರುಗಳನ್ನು ಗುರುತು ಹಾಕಿ. ಎಲ್ಲಿಗೂ ಹೋಗದ ರೈಲು ಹಳಿ, ಮಧ್ಯದಲ್ಲೇ ನಿಂತ ರಸ್ತೆ, ಮುಚ್ಚಿದ ಗಣಿ, ಅಣೆಕಟ್ಟಿನ ಹಿನ್ನೀರು ಎಲ್ಲಿವೆ ನೋಡಿ. ಬೇಚರಾಕ್ ಆದ, ಅಂದರೆ ಜನ ಬಿಟ್ಟುಹೋದ, ಊರುಗಳಲ್ಲಿ ಬಹಳಷ್ಟು ಇವುಗಳ ಸುತ್ತಲೇ ಸಿಗುತ್ತವೆ. ಸ್ಪೇನಿನ ಅಸೆರೆಡೊ 1992ರಲ್ಲಿ ಜಲಾಶಯದಲ್ಲಿ ಮುಳುಗಿತ್ತು. 2022ರ ಶುರುವಿನಲ್ಲಿ ಬರ ಬಿದ್ದು ನೀರು ಇಳಿದಾಗ ಮನೆಗಳು ಮತ್ತೆ ಎದ್ದುನಿಂತವು. ಆಮೇಲೆ ಅಕ್ಕಪಕ್ಕದ ಊರಿನ ಹಿರಿಯರನ್ನು ಮಾತಾಡಿಸಿ. ‘ಅಲ್ಲಿ ದೆವ್ವ ಇದೆಯಾ?’ ಅಂದರೆ ಒಂದು ನಗು ಸಿಕ್ಕೀತು. ‘ಅಲ್ಲಿದ್ದವರು ಈಗ ಎಲ್ಲಿದ್ದಾರೆ?’ ಅಂದರೆ ಕೂತು ಮಾತಾಡುತ್ತಾರೆ.

ರಾತ್ರಿ ಮಾತ್ರ ಬೇಡ. ಇದರಲ್ಲಿ ನಾನು ಕಟ್ಟುನಿಟ್ಟು. ಮರದ ಅಟ್ಟ ಒಳಗೊಳಗೇ ಕೊಳೆತಿರುತ್ತದೆ, ಮೇಲೆ ನೋಡಿದರೆ ಗೊತ್ತಾಗುವುದಿಲ್ಲ. ಗಿಡ ಮುಚ್ಚಿದ ಬಾವಿ ಹಗಲಲ್ಲೇ ಕಾಣುವುದು ಕಷ್ಟ. ಹಳೇ ಗಣಿಯ ಒಳಗೆ ಆಮ್ಲಜನಕ ಕಡಿಮೆ ಇರಬಹುದು, ಅದಕ್ಕೆ ವಾಸನೆಯೂ ಇರುವುದಿಲ್ಲ. ಹಾಗಾಗಿ ಗಣಿಯೊಳಕ್ಕೆ ಹಗಲಲ್ಲೂ ಕಾಲಿಡಬೇಡಿ. ಅಮೆರಿಕದ ಸೆಂಟ್ರೇಲಿಯಾದಲ್ಲಿ 1962ರಲ್ಲಿ ನೆಲದಡಿಯ ಕಲ್ಲಿದ್ದಲಿಗೆ ಹತ್ತಿದ ಬೆಂಕಿ ಇನ್ನೂ ಆರಿಲ್ಲ. 1981ರಲ್ಲಿ ಒಬ್ಬ ಹುಡುಗನ ಕಾಲಡಿಯ ನೆಲವೇ ಕುಸಿದಿತ್ತು. ಒಂದು ಬೇರು ಹಿಡಿದು ನೇತಾಡುತ್ತಿದ್ದವನನ್ನು ಜೊತೆಗಿದ್ದ ಇನ್ನೊಬ್ಬ ಹುಡುಗ ಮೇಲೆಳೆದ. ಅದಕ್ಕೇ ಒಬ್ಬರೇ ಹೋಗಬೇಡಿ ಅನ್ನುವುದು.

ಅನುಮತಿ ಕೇಳಿ ಹೋಗಿ. ಖಾಲಿ ಮನೆಗೂ ಯಜಮಾನರು ಇರುತ್ತಾರೆ. ಏನನ್ನೂ ಎತ್ತಿಕೊಂಡು ಬರಬೇಡಿ, ಒಂದು ಮೊಳೆಯನ್ನೂ. ಕ್ಯಾಲಿಫೋರ್ನಿಯಾದ ಬೋಡಿ ಅನ್ನುವ ಚಿನ್ನದ ಗಣಿಯ ಊರಿನಿಂದ ಜನ ಸಣ್ಣಪುಟ್ಟ ಸಾಮಾನು ಜೇಬಿಗಿಳಿಸುತ್ತಾರೆ. ಆಮೇಲೆ ಕೆಟ್ಟದ್ದೇನೋ ಆಗಿ ಶಾಪ ತಟ್ಟಿತು ಅನ್ನಿಸಿದಾಗ ಕ್ಷಮೆ ಕೇಳಿ ಅಂಚೆಯಲ್ಲಿ ವಾಪಸ್ ಕಳಿಸುತ್ತಾರೆ. ಈ ಒಂದು ಕಡೆ ಶಾಪದ ಕತೆಯಿಂದ ಉಪಕಾರವೇ ಆಗಿದೆ.

ಮೊದಲ ಸಲ ಹೋಗುವವರು ಕಾವಲು, ಟಿಕೆಟ್, ಗೊತ್ತಾದ ದಾರಿ ಇರುವ ಜಾಗವನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ನಮೀಬಿಯಾದ ಕೋಲ್ಮನ್‌ಸ್ಕೋಪ್ ಅಂಥದ್ದು. 1908ರಲ್ಲಿ ಜಕರಾಯಸ್ ಲೆವಾಲಾ ಎಂಬ ರೈಲ್ವೆ ಕೂಲಿಗೆ ವಜ್ರ ಸಿಕ್ಕಿ ಹುಟ್ಟಿದ ಊರು. ವಜ್ರ ಮುಗಿದು 1956ರ ಹೊತ್ತಿಗೆ ಖಾಲಿಯಾಯಿತು. ಈಗ ಕೋಣೆಗಳೊಳಗೆ ಬಾಗಿಲ ಅರ್ಧದವರೆಗೆ ಮರಳು. ಪರ್ಮಿಟ್ ಇಲ್ಲದೆ ಬಿಡುವುದಿಲ್ಲ.

ನೀವು ಹುಡುಕಿದ ಜಾಗದ ಬಗ್ಗೆ ನಮಗೆ ಬರೆಯಿರಿ. ಅಲ್ಲಿಯವರು ಹೇಳಿದ ದೆವ್ವದ ಕತೆಯೂ ಇರಲಿ, ಅದರ ಜೊತೆಗೆ ಯಾರಿದ್ದರು, ಯಾವಾಗ ಬಿಟ್ಟರು, ಏಕೆ ಬಿಟ್ಟರು ಅನ್ನುವುದೂ ಇರಲಿ. ಕಾವಲಿಲ್ಲದ ಜಾಗವಾದರೆ ದಾರಿಯ ವಿವರ ಮಾತ್ರ ನಾವು ಅಚ್ಚು ಹಾಕುವುದಿಲ್ಲ.